ಸೋಮವಾರದ ಮೊದಲ ಆಪರೇಷನ್

ಫೋನ್ ಮತ್ತೆ ಬಡಿದುಕೊಂಡಾಗ ಉಷಾ ಆಸ್ಪತ್ರೆಯ ಗೇಟಿನ ಪಕ್ಕದ ಪಿಳ್ಳೆಯಾರ್ ಗಣಪನ ಗುಡಿಯ ಹಿಂದೆ ಅವಿತು ನಿಂತಿದ್ದಳು.

"ಅಮ್ಮಾ, ಎಂಗ ಇರುಕ್ಕೆ?" ಮಗ ವಿಘ್ನೇಶನಿಗೆ ಗಾಬರಿಯಾದರೆ ತಮಿಳೇ ಬಾಯಿಗೆ ಬರುವುದು. "ಎಲ್ಲಿದ್ದೀ? ನಿನ್ನ ಸೈನ್ ಇಲ್ಲದೆ ಅಪ್ಪನನ್ನು ಥಿಯೇಟರ್ ಒಳಗೆ ತಕ್ಕೊಳ್ಳುದಿಲ್ಲಂತೆ!"

"ಬಸ್ಸು ಮೈಲಾಪೂರಿನಲ್ಲೇ ನಿಂತುಬಿಟ್ಟಿದೆ ಮಗಾ. ಈಗ ಬಂದೆ."

ಹಸಿ ಸುಳ್ಳು. ಆಕೆ ಬೆಳಗಾಗುತ್ತಲೇ ಬಂದಿದ್ದಳು. ಒಂಬತ್ತರವರೆಗೆ ರಾಹುಕಾಲ, ಅದು ಕಳೆಯದೆ ಸಹಿ ಹಾಕುವವಳಲ್ಲ.

ಡಾಕ್ಟರ್ ಮಹದೇವನ್ ಏನನ್ನೂ ಮುಚ್ಚಿಡುವ ಮನುಷ್ಯನಲ್ಲ. ಗಂಡ ಕೃಷ್ಣಪ್ರಸಾದನ ಲಿವರಿನಲ್ಲಿ ಗಡ್ಡೆ ಅರ್ಧಕ್ಕಿಂತ ಹೆಚ್ಚು ಹಬ್ಬಿದೆ, ದೊಡ್ಡ ರಕ್ತನಾಳವನ್ನೂ ಮುಟ್ಟಿದೆ ಎಂದು ನೇರವಾಗಿ ಹೇಳಿದ್ದರು. ಕತ್ತರಿಸಿದರೆ ಟೇಬಲ್ಲಿನ ಮೇಲೆಯೇ ಜೀವ ಹೋಗಬಹುದು. ಉಳಿಸಿದ ತುಂಡು ಬೆಳೆದುಕೊಂಡರೆ ಎಷ್ಟೋ ವರ್ಷ ಬದುಕಬಹುದು. ಸುಮ್ಮನೆ ಬಿಟ್ಟರೆ ದೀಪಾವಳಿ ಕಾಣುವುದು ಕಷ್ಟ.

ಎಲ್ಲ ಕೇಳಿಸಿಕೊಂಡ ಉಷಾ ಕೊನೆಗೆ ಕೇಳಿದ್ದು ಒಂದೇ: ರಾಹುಕಾಲ ಕಳೆದ ಮೇಲೆ ಶುರುಮಾಡಬಹುದೇ?

ಡಾಕ್ಟರು ಜೂನಿಯರ್‌ಗಳ ಎದುರೇ ನಕ್ಕುಬಿಟ್ಟರು. "ನನ್ನ ಚಾಕುವಿಗೆ ರಾಹು ಯಾರು ಅಂತ ಗೊತ್ತಿಲ್ಲಮ್ಮ. ಎಂಟಕ್ಕೆ ಶುರು."

ಗಂಡನೂ ಅವರ ಜೊತೆ ಸೇರಿ ನಕ್ಕಿದ್ದ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಆತನಿಗೆ ಹೆಂಡತಿಯ ಪಂಚಾಂಗವೇ ದೊಡ್ಡ ತಮಾಷೆ. ಉಷಾಳಿಗೆ ಅಳು ಬಂದಿತ್ತು.

ಗುಡಿಯ ಪಕ್ಕ ಬೇವಿನ ಮರದ ನೆರಳಲ್ಲಿ ಕಪ್ಪು ಗಾಜಿನ ಬಿಳಿ ಕಾರೊಂದು ಎಂಜಿನ್ ಆರಿಸದೆ ನಿಂತಿತ್ತು. ಆಕೆ ಬರುವಾಗಲೂ ಅಲ್ಲೇ ಇತ್ತು. ಡ್ರೈವರ್ ಹೊರಗೆ ನಿಂತು ಚಹಾ ಹೀರುತ್ತ ಗಳಿಗೆಗೊಮ್ಮೆ ವಾಚು ನೋಡುತ್ತಿದ್ದ. ಯಾರನ್ನೋ ಮನೆಗೆ ಕರೆದೊಯ್ಯಲು ಬಂದಿರಬೇಕು, ಪುಣ್ಯವಂತರು ಎಂದುಕೊಂಡಳು.

ಒಳಗೆ ಡಾಕ್ಟರು ಕಾದು ಕಾದು ರೇಗಿ, ಇವತ್ತು ಬೇಡ ಎಂದುಬಿಟ್ಟರೆ? ಗಡ್ಡೆ ಇನ್ನೊಂದು ಸೋಮವಾರದವರೆಗೆ ಸುಮ್ಮನಿರುತ್ತದೆಯೇ? ಗಂಡನಿಗೇನಾದರೂ ಆದರೆ ಕೊಂದವಳು ತಾನೇ. ಸಾಕು, ರಾಹು ಹಾಳಾಗಲಿ ಎಂದು ಹೆಜ್ಜೆ ಎತ್ತಿದಳು.

ಅಷ್ಟರಲ್ಲಿ ಮತ್ತೆ ಫೋನ್.

"ಅಮ್ಮಾ, ಓಡಿ ಬರಬೇಡ. ಡಾಕ್ಟರೂ ಬರಲಿಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿದ್ದಾರಂತೆ."

ಉಷಾ ಪಿಳ್ಳೆಯಾರನಿಗೆ ಕೈಮುಗಿದು ಅಲ್ಲೇ ಕುಳಿತಳು.

ಒಂಬತ್ತಾಯಿತು. ಡ್ರೈವರ್ ಲೋಟ ಕೆಳಗಿಟ್ಟು ಕಾರಿನ ಗಾಜು ತಟ್ಟಿದ. ಬಾಗಿಲು ತೆರೆದು, ಹಣೆ ತುಂಬ ವಿಭೂತಿ ಬಳಿದುಕೊಂಡ ಡಾಕ್ಟರ್ ಮಹದೇವನ್ ಬಲಗಾಲು ಮುಂದಿಟ್ಟು ಇಳಿದರು.