ಪುಟ್ಟ ರಾಜ್ಯದ ಪಕ್ಷಾಂತರ

ಒಂದಾನೊಂದು ಊಟದ ಮೇಜಿನ ಮೇಲೆ ನಾಲ್ಕು ರಾಜ್ಯಗಳಿದ್ದವು. ದೊಡ್ಡವು ಮೂರು, ಇಬ್ಬರು ಅಣ್ಣಂದಿರವು ಮತ್ತು ತಂಗಿಯ ಗಂಡನದು. ನಡುವೆ ಸಿಕ್ಕಿಕೊಂಡ ಅಂಗೈಯಗಲದ್ದು ತಂಗಿಯದು. ಮಾತುಕತೆಯಲ್ಲಿ ಕೂಟ ಕಟ್ಟಿ ಯುದ್ಧ ಗೆಲ್ಲುವ ಆಟವದು. ಆದರೆ ಅಣ್ಣಂದಿರು ಮಾತುಬಿಟ್ಟು ಎಷ್ಟೋ ಕಾಲವಾಗಿತ್ತು; ಆಟದಲ್ಲೂ ಅವರ ಸಂದೇಶಗಳು ತಂಗಿಯ ಬಾಯಿಂದಲೇ ಓಡಾಡುತ್ತಿದ್ದವು. ಇವತ್ತು ಅವರನ್ನು ಮಾತಾಡಿಸಿಯೇ ತೀರುತ್ತೇನೆಂದು ಅವಳು ಅಮ್ಮನಿಗೆ ಮಾತು ಕೊಟ್ಟಿದ್ದಳು.

ತನ್ನ ಒಂದೇ ಒಂದು ಮರದ ಸೈನಿಕನನ್ನು ಎತ್ತಿ ಅವಳು ಗಂಡನ ಪಡೆಯ ಪಕ್ಕಕ್ಕಿಟ್ಟಳು. ಅವನು ಗೆಲ್ಲಲು ಇನ್ನು ಒಂದೇ ಕೋಟೆ ಬಾಕಿ.

"ಅಯ್ಯೋ ಮನೆಮುರುಕಿ!" ದೊಡ್ಡಣ್ಣ ಹೌಹಾರಿದ. "ಇನ್ನು ನಾವಿಬ್ರೂ ಒಟ್ಟಿಗೆ ನುಗ್ಗಿದ್ರೆ ಮಾತ್ರ ಭಾವನ್ನ ತಡೀಬಹುದು. ಅವನಿಗೆ ಹೇಳೇ," ಎಂದು ತಮ್ಮನತ್ತ ಗದ್ದ ತೋರಿದ.

"ಶತ್ರು ಕೈಲಿ ಯಾರಾದ್ರೂ ಗುಟ್ಟು ಹೇಳಿ ಕಳಿಸ್ತಾರೇನಣ್ಣಾ?" ಎಂದು ತಂಗಿ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು.

ಚಿಕ್ಕಣ್ಣ ಉಗುರು ಕಚ್ಚಿದ. ದೊಡ್ಡಣ್ಣ ಸೂರು ನೋಡಿದ. ಆಮೇಲೆ ಅವನ ತುಟಿ ಅಲುಗಿತು, ಚಿಕ್ಕಣ್ಣನ ತಲೆ ಅತ್ತ ಬಾಗಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, ಹಿಡಿದಿಟ್ಟ ಉಸಿರನ್ನು ಬಿಟ್ಟಳು. ತಂಗಿ ಮೆಲ್ಲಗೆ ಬೆರಳು ತೆಗೆದಳು.

"ಆಯ್ತಣ್ಣಾ," ಎನ್ನುತ್ತಿದ್ದ ಚಿಕ್ಕಣ್ಣ, "ಎಡಗಡೆಯಿಂದ ನೀನು ಬಾ."