ಬಿಟ್ಟುಕೊಟ್ಟ ವಾದ

ವಾರ್ಡಿನ ಬಾಗಿಲಲ್ಲೇ ಅಕ್ಕ ತಮ್ಮನ ತೋಳು ಹಿಡಿದು ನಿಲ್ಲಿಸಿದಳು. “ನೋಡೋ, ನಿಮ್ಮ ಭಾವನಿಗೆ ಇನ್ನೂ ಏನೂ ಗೊತ್ತಿಲ್ಲ. ಬರೀ ಹುಣ್ಣು, ಮಾತ್ರೆಗೆ ವಾಸಿಯಾಗುತ್ತೆ ಅಂದಿದ್ದೀನಿ. ನೀನೇನಾದ್ರೂ ಬಾಯಿ ಬಿಟ್ಟೀಯ, ಜೋಕೆ!”

“ನಾನ್ಯಾಕೆ ಬಿಡಲಿ?” ಎಂದ ಅವನು. ಭಾವನ ಹೊಟ್ಟೆಯಿಂದ ತೆಗೆದ ಚೂರನ್ನು ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದವನು ಅವನೇ. ಒಮ್ಮೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ನೋಡಿದ್ದ. ಜೀವಕೋಶಗಳಿಗೆ ನೆಂಟಸ್ತಿಕೆಯ ದಾಕ್ಷಿಣ್ಯವಿರುವುದಿಲ್ಲ.

ಅಕ್ಕ ಮಾತ್ರೆ ತರಲು ಕೆಳಗಿಳಿದಳು. ಭಾವ ದಿಂಬಿಗೊರಗಿ ದಾರಿ ಕಾಯುತ್ತಲೇ ಇದ್ದರು. “ಬಂದೆಯಾ, ನಾಸ್ತಿಕ ಶಿಖಾಮಣಿ! ಆ ಸ್ಟೂಲು ಎಳ್ಕೋ. ಬಂದವರೆಲ್ಲ ಹೇಗಿದ್ದೀರಿ ಹೇಗಿದ್ದೀರಿ ಅಂತ ಕೇಳಿ ಕೇಳಿ ನನ್ನ ತಲೆ ತಿಂದಿದ್ದಾರೆ. ನೀನಾದ್ರೂ ಜಗಳ ಆಡು.”

ಭಾವ ನಿವೃತ್ತ ಗಣಿತದ ಮೇಷ್ಟರು, ದೇವರನ್ನು ನಂಬಿದವರು. ಅಕ್ಕನ ಮದುವೆಯಾದಂದಿನಿಂದ ಈ ವಿಷಯದಲ್ಲಿ ಇಬ್ಬರದೂ ಹಾವು ಮುಂಗುಸಿಯ ನಂಟು. ಮನೆಯ ಮಕ್ಕಳು ಒಬ್ಬರಿಗೆ ‘ಇದ್ದಾನೆ’, ಇನ್ನೊಬ್ಬರಿಗೆ ‘ಇಲ್ಲ’ ಎಂದು ಅಡ್ಡಹೆಸರಿಟ್ಟಿದ್ದರು. ಭಾನುವಾರ ‘ಇಲ್ಲ’ ಬಾರದಿದ್ದರೆ ‘ಇದ್ದಾನೆ’ಗೆ ಊಟ ರುಚಿಸುತ್ತಿರಲಿಲ್ಲ.

“ಹೊಸ ಬಾಣ ಮಸೆದಿಟ್ಟಿದ್ದೀನಿ, ಕೇಳು. ಐದನ್ನ ಯಾವತ್ತಾದ್ರೂ ನೋಡಿದ್ದೀಯಾ? ಐದು ಹಣ್ಣಲ್ಲ, ಐದು ಕುರ್ಚಿಯಲ್ಲ. ಬರೀ ಐದು.”

“ಇಲ್ಲ.”

“ನಿನ್ನ ಮೈಕ್ರೋಸ್ಕೋಪಿಗೆ ಸಿಗುತ್ತಾ?”

“ಇಲ್ಲ ಭಾವ.”

“ಆದ್ರೂ ಐದು ಇದೆ! ಎಣಿಸೋಕೆ ಲೋಕದಲ್ಲಿ ಒಬ್ಬ ನರಮನುಷ್ಯನೂ ಉಳಿಯದಿದ್ರೂ ಇರುತ್ತೆ. ಕಾಣಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ನೋಕಾಗಲ್ಲ. ದೇವರೂ ಹಾಗೇ. ಹ್ಞಾಂ, ಈಗ ಒದರು!”

ಉತ್ತರ ಅವನ ನಾಲಿಗೆಯ ತುದಿಗೇ ಬಂದಿತ್ತು. ಐದು ಯಾರ ಮೊರೆಯನ್ನೂ ಕೇಳುವುದಿಲ್ಲ, ಯಾರನ್ನೂ ಕಾಯುವುದಿಲ್ಲ. ನಿಮ್ಮ ದೇವರೂ ಅಷ್ಟೇ ಆದರೆ ನನ್ನದೇನೂ ತಕರಾರಿಲ್ಲ. ಬೇರೆ ದಿನವಾಗಿದ್ದರೆ ಹೀಗೆ ಒಂದೇ ಏಟಿಗೆ ಮಗುಚಿಹಾಕಿ, ಭಾವನ ಸಿಟ್ಟನ್ನು ಸವಿಯುತ್ತ ಕೂರುತ್ತಿದ್ದ. ಇಂದು ಆಸ್ಪತ್ರೆಯ ಅಂಗಿಯೊಳಗಿಂದ ಎದ್ದು ನಿಂತ ಅವರ ಹೆಗಲ ಮೂಳೆ ಕಣ್ಣಿಗೆ ಬಿತ್ತು. ಮುಳುಗುವವರ ಕೈಯಲ್ಲಿರುವುದು ಹುಲ್ಲುಕಡ್ಡಿಯೇ ಇರಲಿ, ಅದನ್ನು ಕಿತ್ತುಕೊಳ್ಳಲು ತಾನು ಯಾರು? ವರ್ಷಾನುಗಟ್ಟಲೆ ಗೆದ್ದು ತಾನು ಕಟ್ಟಿಕೊಂಡದ್ದಾದರೂ ಏನು?

“ಇರಬಹುದು ಭಾವ,” ಎಂದ. “ನೀವು ಹೇಳೋದ್ರಲ್ಲೂ ಅರ್ಥ ಇದೆ.”

ಭಾವನ ಮುಖದ ನಗು ಇದ್ದಲ್ಲೇ ನಿಂತಿತು. ಅವರು ದಿಂಬಿನಿಂದ ತುಸು ಮುಂದೆ ಬಾಗಿದರು. “ಏನಂದೆ?”

“ಇರಬಹುದು ಅಂದೆ.”

“ಆ ಐದರ ಮಾತಿನಲ್ಲಿ ನಾನೇ ಆನೆ ನುಗ್ಗುವಷ್ಟು ದೊಡ್ಡ ತೂತು ಬಿಟ್ಟಿದ್ದೆ ಕಣೋ. ನೀನು ನುಗ್ಗಲಿ ಅಂತಾನೇ. ನಿನಗೆ ಕಾಣಲಿಲ್ವಾ?”

“ವಯಸ್ಸಾಯ್ತಲ್ಲ ಭಾವ. ನನ್ನ ಅಭಿಪ್ರಾಯವೂ ಬದಲಾಗಬಾರದಾ?”

“ಆಗಬಹುದಪ್ಪ, ಆಗಬಹುದು.” ಭಾವ ಮೆಲ್ಲನೆ ಹಿಂದಕ್ಕೊರಗಿದರು. ಹೊರಗೆ ಕಾರಿಡಾರಿನಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. “ಆದ್ರೆ ಸಾಕ್ಷಿ ಇಲ್ಲದೆ ನೀನು ಒಂದಿಂಚೂ ಜರುಗೋ ಆಸಾಮಿ ಅಲ್ಲ. ನಿನ್ನಲ್ಲಿ ನನಗೆ ಇಷ್ಟವಾದದ್ದೇ ಅದು. ನನ್ನ ಹೊಟ್ಟೆಯ ಚೂರು ನಿಮ್ಮ ಲ್ಯಾಬಿಗೇ ಬಂತು ತಾನೆ?”

ಅವನು ಕನ್ನಡಕ ತೆಗೆದು ಒರೆಸತೊಡಗಿದ.

“ಏನು ಕಂಡೆ?”

ಕಿಟಕಿಯ ಹೊರಗೆ ಹಾಡುಹಗಲು, ಬಿಸಿಲು, ಯಾರದೋ ಜೋರು ನಗು. ಒಂದು ಸುಳ್ಳು ಸಾಕಿತ್ತು. ‘ಹುಣ್ಣು’ ಎನ್ನುವ ಎರಡಕ್ಷರ. ಆದರೆ ಗಾಜಿನ ಮೇಲೆ ಕಂಡದ್ದನ್ನು ಕಂಡಂತೆ ಹೇಳುವುದೇ ಕಸುಬಾದ ಅವನ ಬಾಯಿಗೆ ಅದು ಬರಲಿಲ್ಲ. ಬಂದದ್ದು ಬೇರೆ. “ಐದಕ್ಕೆ ಮೊರೆ ಕೇಳಿಸಲ್ಲ ಭಾವ!” ಎಂದು ಥಟ್ಟನೆ ಕೂಗಿದ. “ಅದು ಯಾರನ್ನೂ ಕಾಯಲ್ಲ. ಇನ್ನು ನಿಮ್ಮ ದೇವರು... ಎಲ್ಲಕ್ಕೂ ಅವನೇ ಕಾರಣ ಅಂತೀರಲ್ಲ, ಅವನಿಗೆ ಯಾರು ಕಾರಣ? ಏನೂ ತಪ್ಪು ಮಾಡದವರಿಗೆ ಯಾಕೆ ಇಂಥ...” ಅಲ್ಲಿಗೆ ದನಿ ಒಡೆಯಿತು.

ಭಾವ ಅವನ ಮಂಡಿಯ ಮೇಲೆ ಕೈಯಿಟ್ಟರು. “ಸರಿಯಾದ ಉತ್ತರವೇ ಕಣೋ. ಸ್ವಲ್ಪ ತಡವಾಯ್ತು ಅಷ್ಟೆ.” ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು ಹತ್ತಿರವಾಯಿತು. “ಕಣ್ಣೊರೆಸ್ಕೋ. ಅವಳು ಬಂದಳು. ನಾನು ನಿನ್ನನ್ನ ಏನೂ ಕೇಳಿಲ್ಲ, ನೀನು ಏನೂ ಹೇಳಿಲ್ಲ.”

ಅಕ್ಕ ಮಾತ್ರೆಯ ಪೊಟ್ಟಣ ಹಿಡಿದು ಒಳಗೆ ಬಂದಳು. ಗಂಡನನ್ನು ನೋಡಿದಳು, ತಲೆತಗ್ಗಿಸಿ ಕೂತ ತಮ್ಮನನ್ನು ನೋಡಿದಳು. “ಮೆಟ್ಟಿಲವರೆಗೂ ಕೇಳಿಸ್ತಿತ್ತು ನಿಮ್ಮ ಗಲಾಟೆ. ಇವತ್ತು ಯಾರು ಗೆದ್ರಿ?”

“ಇನ್ಯಾರು? ನಿನ್ನ ತಮ್ಮನೇ,” ಎಂದು ಭಾವ ನಕ್ಕರು.

ಅಕ್ಕ ಲೋಟಕ್ಕೆ ನೀರು ಬಗ್ಗಿಸುತ್ತ ತಮ್ಮನ ಕಡೆ ತಿರುಗಿ ಗದರಿದಳು. “ಮಲಗಿರೋ ಮನುಷ್ಯನ್ನ ಒಂದೇ ಒಂದು ಸಲ ಗೆಲ್ಲೋಕೆ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”