ಮುಳುಗುವವನ ಕಣ್ಣು

ಪ್ರಾರ್ಥನಾ ಮಂದಿರದ ಗೋಡೆಯ ಚಿತ್ರದಲ್ಲಿ ಮುಳುಗುತ್ತಿದ್ದವನಿಗೆ ಅಣ್ಣ ತನ್ನ ತಮ್ಮನ ಗಿಣಿಮೂಗನ್ನೇ ಇಟ್ಟ. ತಮ್ಮನಿಗೆ ಕುಂಚ ಹಿಡಿಯಲು ಕಲಿಸಿದವನೇ ಅವನು. ಆದರೂ ಬೈಬಲ್ಲಿನ ನೋಹ ಪ್ರಾಣಿಗಳನ್ನು ಉಳಿಸಿದ ನಾವೆ ಬರೆಯುವ ಕೆಲಸವನ್ನು ಪಾದ್ರಿ ತಮ್ಮನಿಗೆ ಕೊಟ್ಟು, ಇವನ ಪಾಲಿಗೆ ಪ್ರಳಯದ ನೀರನ್ನಷ್ಟೇ ಬಿಟ್ಟಿದ್ದರು. "ದೇವರ ತೀರ್ಪು ಅಂದ್ರೆ ಅಜ್ಜಿಕಥೆ ಅಂದ್ಕೊಂಡಿದಾರೆ ಜನ. ಮುಳುಗೋರು ಈಗಿನವರ ಥರಾನೇ ಇರಲಿ," ಎಂದಿದ್ದರು. ಇರಲಿ ಬಿಡು ಎಂದು ಅಣ್ಣ ಆ ಮುಳುಗುವವನಿಗೆ ತಮ್ಮನ ಗೆರೆಗೆರೆಯ ಹೊಸ ಅಂಗಿಯನ್ನೂ ತೊಡಿಸಿದ.

ಬಂದವರೆಲ್ಲ ನಾವೆಯ ಮುಂದೆಯೇ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. "ಆನೆ ನೋಡ್ರಿ, ಈಗ ಸೊಂಡಿಲು ಆಡಿಸುತ್ತೆ ಅನ್ನೋ ಹಾಗಿದೆ!" ಅಣ್ಣನ ನೀರನ್ನು ಕೇಳುವವರೇ ಇರಲಿಲ್ಲ. ಆ ಹೊಟ್ಟೆಯುರಿಯಲ್ಲೇ ಅವನು ಮುಳುಗುವವನ ಕಣ್ಣು ತಿದ್ದಿ ಮುಗಿಸಿದ.

ಅಟ್ಟಣಿಗೆಯಿಂದ ಇಳಿದ ತಮ್ಮ ಆ ಚಿತ್ರದ ಮುಂದೆ ನಿಂತ. ಈಗ ಗೊತ್ತಾಗುತ್ತೆ ಮಗನಿಗೆ ಎಂದುಕೊಂಡು ಅಣ್ಣ ಕುಂಚ ಒರೆಸುತ್ತಾ ಕಾದ.

"ಅಯ್ಯೋ ಅಣ್ಣಾ, ನಿನ್ನನ್ನ ನೀನೇ ಯಾಕೆ ಮುಳುಗಿಸ್ಕೊಂಡೆ?" ಎಂದ ತಮ್ಮ.

"ನಾನಾ? ಮೂಗು ನೋಡೋ!"

"ಮೂಗು ಇಬ್ಬರದೂ ಅಪ್ಪಂದೇ ಅಲ್ವಾ? ಕಣ್ಣು ನೋಡು."

ಅಣ್ಣ ನೋಡಿದ. ನೀರು ಕುತ್ತಿಗೆಗೆ ಬಂದಿದ್ದರೂ ಆ ಮನುಷ್ಯ ಯಾರಿಗೂ ಕೈ ಚಾಚಿರಲಿಲ್ಲ. ತಮ್ಮನ ನಾವೆಯನ್ನೇ ದುರುಗುಟ್ಟಿ ನೋಡುತ್ತಿದ್ದ.